ತಣ್ಣನೆ ಕೋಣೆಯ ಕೆಂಪು ನೀರು

"ರಕ್ತ! ಗೋಡೆ ರಕ್ತ ಕಾರ್ತೈತೆ ಕಣೇ ಕೋಮಲಾ…!"

ಅಜ್ಜಿ ಪಿಳ್ಳಮ್ಮನ ಕೂಗಿಗೆ ಕೋಮಲಾ ಓಡಿ ಬಂದಳು. ಕಿಟಕಿಯಲ್ಲಿ ಕೂರಿಸಿದ್ದ ಏಸಿಯ ಕೆಳಗೆ, ಹೊಸದಾಗಿ ಸುಣ್ಣ ಬಳಿದ ಗೋಡೆಯ ಮೇಲೆ, ಕೆಂಪು ನೀರು ಗೆರೆಗೆರೆಯಾಗಿ ಇಳಿಯುತ್ತಿತ್ತು. ಪೆಟ್ಟಿಗೆಯೊಳಗೆ ಯಾರೋ ನರಳುತ್ತಿದ್ದರು.

ಊಂ… ಟಪ್. ಊಂ… ಟಪ್.

ಅದು ಎಂಬತ್ತಮೂರನೇ ಇಸವಿಯ ವಿಜಯದಶಮಿ. ದೊಡ್ಡನೆಕ್ಕುಂದಿಗೇ ಮೊದಲ ಏಸಿ ಅದು! ಹಿಂದಿನ ದಿನ ಆಯುಧಪೂಜೆಗೆ ಬಂದ ಊರವರೆಲ್ಲ ಆ ಕೋಣೆಯಲ್ಲಿ ಕೂತು, ಹಲ್ಲು ಕಟಕಟಿಸುತ್ತಲೇ 'ಸಕ್ಕತ್ತಾಗೈತೆ' ಎಂದು ಹೊಗಳಿ ಹೋಗಿದ್ದರು. ಕೋಮಲಾಳ ಅಪ್ಪ ದೊಡ್ಡಮುನಿಯಪ್ಪ ಕಂಬಳಿ ಹೊದ್ದು ಮೀಸೆ ತಿರುವುತ್ತ, ಯಂತ್ರವನ್ನು ಒಂದು ಗಳಿಗೆಯೂ ಆರಿಸಗೊಟ್ಟಿರಲಿಲ್ಲ.

ಈಗ ಅದೇ ತಣ್ಣನೆ ಕೋಣೆಯಲ್ಲಿ ಎಲ್ಲರ ತಲೆ ಬಿಸಿ. ನಾಯಿ ಕೂಡ ಹೊಸ್ತಿಲು ದಾಟುತ್ತಿಲ್ಲ. ದೀಪ ಮಂಕಾಗಿ ಮಿಣುಕುತ್ತಿತ್ತು.

"ವೈಟ್‌ಫೀಲ್ಡಲ್ಲಿ ಸತ್ತಳಲ್ಲ ದೊರೆಸಾನಿ, ಅವಳ ಮನೆಯಿಂದ ಬಿಚ್ಚಿ ತಂದಿದ್ದಂತೆ," ಎಂದಳು ಅಜ್ಜಿ ಪಿಸುದನಿಯಲ್ಲಿ. "ಪಕ್ಕದ್ಮನೆ ಮಾರಕ್ಕ ಅಂತಿದ್ಲು. ಅವಳೇ ಒಳಗೆ ಕುಂತು ನರಳ್ತವ್ಳೆ. ಮುನಿಯಪ್ಪ, ಈ ಸಂಬಂಧ ಬ್ಯಾಡ ಕಣಪ್ಪ!"

ಕೋಮಲಾ ಅಪ್ಪನ ಮುಖ ನೋಡಿದಳು. ಏಸಿ ಕೂರಿಸಿದವನು ಪೀಣ್ಯದ ವರ್ಕ್‌ಶಾಪಿನ ರಾಮಾಂಜಿ. ಅವಳನ್ನು ಮೆಚ್ಚಿ ಹೆಣ್ಣು ಕೇಳಿದವನೂ ಅವನೇ. ಬರುವ ಭಾನುವಾರ ತಾಂಬೂಲ ಬದಲಾಯಿಸುವುದಿತ್ತು…

ಮಧ್ಯಾಹ್ನ ರಾಮಾಂಜಿ ಬಂದ. ಏಸಿ ಕೂರಿಸಿದ ದಿನ, ಯಂತ್ರ ಕೆಟ್ಟರೆ ಹೇಗೆಲ್ಲ ಕೂಗುತ್ತದೆಂದು ಗಂಟಲಲ್ಲೇ ಅಣಕಿಸಿ ಅವಳನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದ್ದವನು. ಇವತ್ತು ನೇರ ಗೋಡೆಯ ಬಳಿಗೇ ನಡೆದ.

"ಬಿಚ್ಕೊಂಡೋಗಪ್ಪ," ಎಂದ ದೊಡ್ಡಮುನಿಯಪ್ಪ. "ಮೆಷೀನೂ ಬ್ಯಾಡ, ನೆಂಟಸ್ತಿಕೇನೂ ಬ್ಯಾಡ."

"ಒಳಗೆ ಒಂದ್ಸಲ ನೋಡ್ತೀನಿ…"

"ನಮ್ಮನೇಲಿ ಅದರ ಬಾಯಿ ಬಿಡಿಸ್ಬ್ಯಾಡ!" ಅಜ್ಜಿ ಚೀರಿದಳು. "ಒಳಗಿರೋಳು ಇಲ್ಲೇ ಉಳ್ಕಂಡ್ರೆ?"

ರಾಮಾಂಜಿ ಕೋಮಲಾಳ ಕಡೆ ನೋಡಿದ. ಅವಳಾದರೂ ಒಂದು ಮಾತು ಆಡಿಯಾಳು…

"ಸತ್ತವರ ಮನೆಯದಂತೆ… ಹೌದಾ?" ಎಂದುಬಿಟ್ಟಳು ಅವಳು.

ಅವನ ಮುಖ ಕಪ್ಪಿಟ್ಟಿತು. "ನೀವೂ ಕೇಳ್ತೀರಾ? ಹೊಸ ಡಬ್ಬ ಒಡೆದಾಗ ನನ್ನ ಪಕ್ಕದಲ್ಲೇ ನಿಂತಿದ್ರಲ್ಲ!"

ಅಷ್ಟೇ. ಅವನು ಸ್ವಿಚ್ ಆರಿಸಿ ಪ್ಲಗ್ ಕಿತ್ತ. ನರಳಾಟ ನಿಂತಿತು. ಆದರೆ ಕೆಂಪು ನೀರು? ಅದು ಇನ್ನೂ ಜೋರಾಗಿ ಇಳಿಯತೊಡಗಿತು!

"ಕರೆಂಟಿಲ್ದೆ ಸುರೀತೈತೆ… ಶಿವನೇ!"

ರಾಮಾಂಜಿ ತುಟಿ ಕಚ್ಚಿ ಹೊರಗೆ ಹೋಗಿ ಕಿಟಕಿಯ ಬೋಲ್ಟು ಸಡಿಲಿಸತೊಡಗಿದ. ನೋಡಲಾರದೆ ಕೋಮಲಾ ತಾರಸಿಗೆ ಓಡಿದಳು.

ಅಳುತ್ತಾ ಕಣ್ಣೆತ್ತಿದರೆ… ಬಟ್ಟೆ ಹಗ್ಗದಲ್ಲಿ ಏಸಿಯ ಧೂಳು ತಡೆಯುವ ಜಾಲರಿ ನೇತಾಡುತ್ತಿತ್ತು.

ಪೂಜೆಗೆಂದು ಪಾತ್ರೆಗಳ ಜೊತೆ ಅದನ್ನೂ ತೊಳೆದು ಒಣಗಹಾಕಿದ್ದಳು. ಮತ್ತೆ ಹಾಕುವುದನ್ನು ಮರೆತಿದ್ದಳು! ಜಾಲರಿಯಿಲ್ಲದ ಏಸಿಯ ಮೇಲೆ ಕುಂಕುಮ ಎರಚಿ, ಕಿಂಡಿಕಿಂಡಿಗೂ ಸೇವಂತಿಗೆ ಹಾರ ಸಿಕ್ಕಿಸಿದ್ದಳು.

ಅವತ್ತಿನ ಅವನ ಅಣಕು ಕಿವಿಯಲ್ಲಿ ಮೊಳಗಿತು: 'ಗಾಳಿ ಸಿಗ್ದಿದ್ರೆ ಊಂ ಅಂತದೆ, ಫ್ಯಾನಿಗೆ ಏನಾದ್ರೂ ತಾಗಿದ್ರೆ ಟಪ್, ಟಪ್ ಅಂತದೆ ನೋಡಿ.'

ಸುಮ್ಮನಿದ್ದರೆ ಯಾರಿಗೂ ಗೊತ್ತಾಗದು. ತಪ್ಪೆಲ್ಲ ಸತ್ತ ದೊರೆಸಾನಿಯ ತಲೆಗೆ, ಇಲ್ಲವೇ ರಾಮಾಂಜಿಯ ತಲೆಗೆ. ಹೇಳಿದರೆ… ಅಷ್ಟು ಹೂ ಯಾಕಿಟ್ಟೆ ಅಂತ ಕೇಳುತ್ತಾರಲ್ಲ!

ಕೋಮಲಾ ಜಾಲರಿ ಕಿತ್ತುಕೊಂಡು ಮೆಟ್ಟಿಲಿಳಿದಳು.

"ನಿಲ್ಸಿ! ಅದರ ಬಾಯಿ ನಾನೇ ಬಿಡಿಸ್ತೀನಿ!"

"ಬ್ಯಾಡ ಕಣೇ!" ಅಜ್ಜಿ ಸೆರಗು ಹಿಡಿದೆಳೆದಳು. ಅಷ್ಟರಲ್ಲಿ ಕೋಮಲಾ ಮುಂದಿನ ಮುಚ್ಚಳ ಕಿತ್ತಾಗಿತ್ತು.

ಒಳಗೆ ಯಾರೂ ಇರಲಿಲ್ಲ. ಬೆಳ್ಳಗೆ ಗಟ್ಟಿಯಾಗಿ ಕಟ್ಟಿದ ಹಿಮ. ಅದಕ್ಕಂಟಿದ ಕುಂಕುಮ ಕರಗಿ ಹರಿಯುತ್ತಿತ್ತು. ಹಾರದ ತುದಿಯೊಂದು ಫ್ಯಾನಿಗೆ ಸುತ್ತಿಕೊಂಡಿತ್ತು.

ರಾಮಾಂಜಿ ಒಳಗೆ ಬಂದು ಬಗ್ಗಿ ನೋಡಿದ. "ಗಾಳಿ ಆಡದೆ ಹಿಮ ಕಟ್ಟಿದೆ. ನೀರು ಹೊರಗೋಗೋ ತೂತಲ್ಲೂ ಹೂವೇ. ಅದಕ್ಕೇ ಗೋಡೆ ಮೇಲೆ ಬಂತು. ಪ್ಲಗ್ ಕಿತ್ತಾಗ ಹಿಮ ಇನ್ನೂ ಬೇಗ ಕರಗ್ತು."

"ನಾನೇ ಇಟ್ಟಿದ್ದು ಅಪ್ಪಾ," ಎಂದಳು ಕೋಮಲಾ ತಲೆ ತಗ್ಗಿಸಿ. "ಜಾಲರಿ ತೆಗ್ದಿದ್ದೂ ನಾನೇ."

ಅಜ್ಜಿ ಸೊಂಟದ ಮೇಲೆ ಕೈಯಿಟ್ಟಳು. "ಅಲ್ವೇ, ಟ್ರ್ಯಾಕ್ಟರಿಗೆ ಒಂದೇ ಎಳೆ ಹಾಕ್ದೋಳು, ಈ ಡಬ್ಬಕ್ಕೆ ಇಷ್ಟು ಹೂ ಯಾಕೇ ತುರುಕ್ದೆ?"

"ಟ್ರ್ಯಾಕ್ಟರು… ಇವರು ಕೂರಿಸಿದ್ದಲ್ವಲ್ಲ ಅಜ್ಜಿ…"

ಎಲ್ಲರ ತಲೆಬಿಸಿ ತಣ್ಣಗಾಯಿತು. ಆಮೇಲೆ ದೊಡ್ಡಮುನಿಯಪ್ಪನ ಮೀಸೆ ಮೆಲ್ಲಗೆ ಅಲುಗಿತು.

"ಭಾನುವಾರಕ್ಕೆ ಒಂದು ಮೊಳ ಹೂನಾದ್ರೂ ಮಿಗಿಸಿದ್ದೀಯೇನಮ್ಮಾ?" ಎಂದು ಮಗಳನ್ನು ಕೇಳಿ, ಅಜ್ಜಿಯ ಕೈ ಹಿಡಿದು ಹೊರಗೆ ಕರೆದೊಯ್ದ.

ಇಬ್ಬರೇ ಉಳಿದರು. ರಾಮಾಂಜಿ ಹೆಪ್ಪುಗಟ್ಟಿದ ಹೂವನ್ನು ಒಂದೊಂದಾಗಿ ಬಿಡಿಸುತ್ತಿದ್ದ.

"ಹಂಗೆ ಕೇಳ್ಬಾರ್ದಿತ್ತು ನಿಮ್ಮನ್ನ…"

"ಕೆಂಪು ನೀರಿಗೆ ನಾನು ಹೆದರ್ಲಿಲ್ಲ," ಅಂದ ಅವನು. "ನಿನ್ನ ಮುಖ ನೋಡಿ ಹೆದರ್ಕೊಂಡೆ. ಇನ್ನೊಂದ್ಸಲ ಅನುಮಾನ ಬಂದ್ರೆ?"

"ಮೊದ್ಲು ನಿಮ್ಮ ಕೈ ಹಿಡ್ಕೋತೀನಿ. ಆಮೇಲೆ ಕೇಳ್ತೀನಿ."

ಅವನ ಹಿಮದಂಥ ಬೆರಳುಗಳನ್ನು ಅವಳು ಎರಡೂ ಅಂಗೈಯೊಳಗೆ ಮುಚ್ಚಿಕೊಂಡಳು.

"ಊಂ…" ಎಂದು ನರಳಿದ ಅವನು.

ಕೋಮಲಾ ಕಣ್ಣೀರಿನಲ್ಲೇ ನಕ್ಕಳು. "ಟಪ್!"