ದ್ರಾಕ್ಷಿ ಚಪ್ಪರದ ಕೆಳಗಿನ ಬೆಳಕು

“ಈ ಚಿತ್ರ ನಿಮ್ಮದಲ್ಲ!”

ತೇನಿಯ ಟ್ಯೂಷನ್ ಸೆಂಟರಿನ ಮಹಡಿಯಲ್ಲಿ ಕೂತಿದ್ದ ಹದಿನಾಲ್ಕು ತಲೆಗಳೂ ಒಟ್ಟಿಗೆ ಯುವಶ್ರೀಯತ್ತ ತಿರುಗಿದವು.

ಚಿನ್ನಮನೂರಿನ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅವಳು, ಹವ್ಯಾಸಿ ಛಾಯಾಗ್ರಾಹಕರ ಈ ಕೂಟಕ್ಕೆ ಬಂದದ್ದು ಅದೇ ಮೊದಲ ಸಲ. ಒಬ್ಬೊಬ್ಬರೂ ಒಂದು ಚಿತ್ರ ತೋರಿಸಬೇಕು, ಯಾರನ್ನು ನೋಡಿ ಕಲಿತೆ ಅಂತ ಹೇಳಬೇಕು. ಚೆನ್ನಾಗಿದ್ದವು ದಿಂಡಿಗಲ್ಲಿನ ಪ್ರದರ್ಶನಕ್ಕೆ. ದ್ರಾಕ್ಷಿ ಚಪ್ಪರದ ಕೆಳಗೆ ಕೈಯೆತ್ತಿ ಗೊನೆ ಕೊಯ್ಯುವ ಹೆಂಗಸು... ಅದು ಅವಳು ತಂದ ಚಿತ್ರ.

ಎದ್ದು ನಿಂತವನು ಜೀವಾ. ನಿಲಕ್ಕೋಟ್ಟೈಯ ಹೂವಿನ ವ್ಯಾಪಾರಿ, ಕೂಟದ ಹಳಬ. ಮೊಬೈಲನ್ನು ಅವಳ ಮುಂದೆ ಹಿಡಿದ. ಅದೇ ಬಗೆಯ ಚಪ್ಪರ, ಅದೇ ಕೋನ, ಹಾಗೇ ಎತ್ತಿದ ಕೈ!

“ಮೂರು ವರ್ಷದ ಹಿಂದೆ ನಾನು ಗ್ರೂಪಿಗೆ ಹಾಕಿದ್ದು. ಇದನ್ನು ನೋಡಿ ತೆಗೆದೆ ಅಂತ ಒಪ್ಪಿಕೊಳ್ಳಬಾರದೇ?” ತಮಿಳಿನಲ್ಲಿ ಕೇಳಿದ.

ಸಿಟ್ಟು ನೆತ್ತಿಗೇರಿ ಅವಳ ಬಾಯಲ್ಲಿ ಮನೆಮಾತು ಕನ್ನಡವೇ ಬಂತು. “ಬಾಯಿಗೆ ಬಂದಂಗೆ ಮಾತಾಡಬ್ಯಾಡಿ! ನಿಮ್ ಪಟಾನ ನಾನು ಕಂಡೇ ಇಲ್ಲ!”

ಜೀವಾ ಬೆಚ್ಚಿದ. ಅವನ ಮನೆಯದೂ ಅದೇ ಕನ್ನಡ. “ಹಂಗಾದ್ರೆ ಯಾರ್ ಹತ್ರ ಕಲ್ತ್ರಿ? ಹೆಸ್ರು ಯೋಳಿ!”

ಹೇಳಬಹುದಿತ್ತು, ಕಲಿಸಿದವರು ಪೆರಿಯಪ್ಪ, ಅವಳ ದೊಡ್ಡಪ್ಪ. ‘ಕಳ್ಳಿ ಅನ್ನಿಸಿಕೊಂಡ ಜಾಗದಲ್ಲಿ ಪೆರಿಯಪ್ಪನ ಹೆಸರು ಯಾಕೆ ಎತ್ತಲಿ?’ ಚಿತ್ರ ಕಿತ್ತುಕೊಂಡು, ಮೆಟ್ಟಿಲಿಳಿದುಬಿಟ್ಟಳು.

ಮನೆ ಸೇರುವಷ್ಟರಲ್ಲಿ ಕೂಟ ನಡೆಸುವ ತಮಿಳರಸಿ ಟೀಚರ್ ಅವರ ಮೆಸೇಜು ಬಂದಿತ್ತು. “ಈ ಸಲ ನಿನ್ನ ಚಿತ್ರ ಬೇಡಮ್ಮಾ.”

ಒಂಬತ್ತು ದಿನ ಕಳೆದು, ಮಧ್ಯಾಹ್ನ, ಔಷಧಿ ಅಂಗಡಿಯ ಕೌಂಟರಿನ ಮುಂದೆ ಜೀವಾ ನಿಂತಿದ್ದ.

“ತಪ್ಪಾಯ್ತು...”

“ಅಷ್ಟು ಜನದ ಮುಂದೆ ಕಳ್ಳಿ ಮಾಡಿದ್ರಿ. ತಪ್ಪಾಯ್ತು ಅನ್ನಕ್ಕೆ ಮಾತ್ರ ಈ ಮೂಲೆ ಸಿಕ್ತಾ?”

ಅವನ ಮುಖ ಸಪ್ಪಗಾಯಿತು. “ಅವ್ರ ಮುಂದೇನೇ ಯೋಳ್ತೀನಿ. ಒಂದ್ ಮಾತು ಕೇಳ್ಬೇಕು. ನಿಮ್ ಪಟದಾಗೆ ಆ ಹೆಂಗಸಿನ ಗಲ್ಲದ ಕೆಳಗೆ ಬೆಳಕೈತೆ. ನನ್ ಪಟದಾಗೆ ಬರೀ ಕತ್ತಲು. ಆ ಬೆಳಕಿಗೇ ಮೂರು ವರ್ಸದಿಂದ ಒದ್ದಾಡ್ತಿವ್ನಿ. ನಂಗೇ ಗೊತ್ತಿಲ್ಲದ್ದನ್ನ ನೀವು ನನ್ನ ನೋಡಿ ಹೆಂಗೆ ಕಲಿಯಾಕಾಯ್ತದೆ?”

ಚೀಲದಿಂದ ಹಳೆಯ ಫೋಟೋ ತೆಗೆದಿಟ್ಟ. ಚಪ್ಪರದ ಕೆಳಗೆ ಕೈಯೆತ್ತಿ ನಗುತ್ತಿರುವ ಯುವತಿ. ಗಲ್ಲದಡಿಯಿಂದ ಮೇಲಕ್ಕೆ ಹರಡಿದ ಮೆತ್ತನೆ ಬೆಳಕು.

“ನಮ್ಮವ್ವ. ನಂಗೆ ಎರಡು ವರ್ಸ ಇದ್ದಾಗ ಹೋಗ್ಬಿಟ್ಳು. ಇರೋದು ಇದೊಂದೇ. ಯಾರು ತೆಗೆದ್ರೋ ಗೊತ್ತಿಲ್ಲ. ನಾನು ಕಲ್ತಿದ್ದೆಲ್ಲಾ ಇದ್ನ ನೋಡೇ.”

ಯಾರು ತೆಗೆದದ್ದೆಂದು ಆ ಬೆಳಕು ನೋಡಿದೊಡನೆ ಯುವಶ್ರೀಗೆ ತಿಳಿದುಹೋಯಿತು!

ಸಂಜೆ ಅವನನ್ನು ಮನೆಗೆ ಕರೆದೊಯ್ದಳು. ಅವಳ ಪೆರಿಯಪ್ಪ ಮುತ್ತುಸಾಮಿ ಕೈ ನಡುಕ ಶುರುವಾದ ಮೇಲೆ ಸ್ಟುಡಿಯೋ ಮುಚ್ಚಿದವರು. ಫೋಟೋವನ್ನು ಕಿಟಕಿಯ ಬಳಿ ಹಿಡಿದು ಬಹಳ ಹೊತ್ತು ನೋಡಿದರು.

“ಪಾಂಡೀಶ್ವರಿ... ಔಳ ಮಗನಾ ತಂಬಿ ನೀನು?”

ಜೀವಾ ತಲೆಯಾಡಿಸಿ ಅವರ ಹತ್ತಿರ ಸರಿದ.

“ಔಳ ತೌರು ಇಲ್ಲೇ ಇತ್ತು. ಔಳು ಹೋದ್ಮೇಲೆ ಅವ್ರೂ ಊರು ಬಿಟ್ರು. ಈ ಪಟ ತೆಗೆದ ದಿನ, ನೆಳ್ಳಾಗೆ ಮೊಕ ಕಪ್ಪಾಯ್ತದೆ, ಪಟ ಬ್ಯಾಡ ಅಂದೆ ನಾನು. ಔಳು ನಕ್ಕೊಂಡು ನನ್ ಹೆಗಲ ಮೇಲಿನ ಬಿಳೀ ಟವಲ್ ಎಳೆದು ಕಾಲ್ ಮುಂದೆ ಹಾಸಿದ್ಳು. ‘ಬಿಸಿಲು ಇದ್ರ ಮೇಲೆ ಬಿದ್ದು ಮೊಕಕ್ಕೆ ಬತ್ತದೆ, ಈಗ ತೆಗೀರಿ’ ಅಂದ್ಳು. ಹತ್ತು ವರ್ಸ ಸ್ಟುಡಿಯೋ ನಡೆಸಿದ್ದೋನಿಗೆ ಔಳು ಕಲಿಸ್ಕೊಟ್ಳು, ತಂಬಿ! ಅದ್ನೇ ಈ ಹುಡುಗಿಗೆ ಯೋಳ್ಕೊಟ್ಟೆ.”

ಜೀವಾ ಮುಖ ಮುಚ್ಚಿಕೊಂಡು ಅತ್ತ.

‘ಹಾಗಾದರೆ ನಾನು ಕಲಿತದ್ದು ಇವನ ತಾಯಿಯ ಹತ್ತಿರ...’ ಯುವಶ್ರೀಯ ಕಣ್ಣೂ ತುಂಬಿತು. ಆದರೂ ಒಳಗಿನ ಮುಳ್ಳು ಹಾಗೇ ಇತ್ತು.

ಆಮೇಲೆ ಪ್ರತಿ ಭಾನುವಾರ ಅವನು ಬಂದ. ತೋಟದಲ್ಲಿ ಜೊತೆಯಾಗಿ ಚಿತ್ರ ತೆಗೆದರು, ಜಗಳವಾಡಿದರು. ಅವನ ಬೈಕಿನ ಸದ್ದಿಗೆ ಅವಳ ಕಿವಿ ಕಾಯತೊಡಗಿತು... ಆದರೆ ಕೂಟದವರ ಮುಂದೆ ಆಡಬೇಕಾದ ಮಾತು ಬಾಕಿಯೇ ಉಳಿದಿತ್ತು. ಅವರೆಲ್ಲ ಮತ್ತೆ ಸೇರುವುದು ದಿಂಡಿಗಲ್ಲಿನಲ್ಲೇ. ‘ಅಲ್ಲೂ ಸುಮ್ಮನಿದ್ದರೆ? ಆಗ ನನಗೆ ಇವನು ಯಾರೂ ಅಲ್ಲ!’

ಪ್ರದರ್ಶನದ ಬೆಳಗ್ಗೆ ಗೋಡೆಯ ನಡುವೆ ಜೀವಾನ ಚಪ್ಪರದ ಚಿತ್ರವಿತ್ತು. ಕೆಳಗೆ ಅವನ ಹೆಸರು. ಜನ ಮೆಚ್ಚಿ ಮಾತಾಡುತ್ತಿದ್ದರು, ಅವನು ತುಟಿ ಬಿಚ್ಚದೆ ನಿಂತಿದ್ದ. ಯುವಶ್ರೀ ತಿರುಗಿ ಬಾಗಿಲ ಕಡೆ ನಡೆದಳು.

“ಟೀಚರ್, ಒಂದು ನಿಮಿಷ!”

ಜೀವಾನ ದನಿ. ಅವಳು ನಿಂತಳು. ಅವನು ತನ್ನ ಚಿತ್ರವನ್ನು ಗೋಡೆಯಿಂದ ಇಳಿಸುತ್ತಿದ್ದ!

“ಯುವಶ್ರೀ ನನ್ನ ಚಿತ್ರ ನಕಲು ಮಾಡಿದಳು ಅಂತ ನಿಮ್ಮೆಲ್ಲರ ಮುಂದೆ ಹೇಳಿದ್ದೆ. ಅದು ಸುಳ್ಳು. ನಕಲು ನನ್ನದು, ಅದೂ ಅರೆಬರೆ. ಇವಳ ಗುರು ಮುತ್ತುಸಾಮಿ. ಅವರಿಗೆ ಈ ಬೆಳಕು ತೋರಿಸಿದವಳು ನನ್ನ ಅಮ್ಮ ಪಾಂಡೀಶ್ವರಿ. ಈ ಜಾಗ ಇವಳದು.”

ಪೆರಿಯಪ್ಪನ ಹತ್ತಿರ ಗುಟ್ಟಾಗಿ ಕೇಳಿ, ಕಾಗದದಲ್ಲಿ ಸುತ್ತಿ ತಂದಿದ್ದ ಅವಳ ಚಿತ್ರವನ್ನು ತಾನೇ ತೂಗುಹಾಕಿದ. ತಮಿಳರಸಿ ಟೀಚರ್ ಬಂದು ಅವಳ ಕೈ ಹಿಡಿದುಕೊಂಡರು. “ವಿಚಾರಿಸದೆ ನಾನೂ ತಪ್ಪು ಮಾಡಿದೆ, ಕಂದಾ.”

ಹೊರಗೆ ಬೇವಿನ ಮರದಡಿ ಇಬ್ಬರೇ ನಿಂತಾಗ ಅವಳಿಗೆ ಅಳು, ನಗು ಎರಡೂ.

“ಮೊದ್ಲೇ ಯೋಳ್ಬಾರ್ದಾ? ಹೊಂಟೋಗ್ತಿದ್ದೆ ನಾನು!”

“ಬಾಯೇ ಬರಲಿಲ್ಲ... ನಿಮ್ ಬೆನ್ನು ಕಂಡ್ಮೇಲೆ ಬಂತು.” ಜೀವಾ ತಲೆ ತಗ್ಗಿಸಿದ. “ನಾಳೆ ನಮ್ಮಜ್ಜೀನ ಕರ್ಕೊಂಡು ನಿಮ್ ಮನೆಗೆ ಬರ್ಲಾ?”

“ಎದಕ್ಕೆ?”

“ಹೆಣ್ಣು ಕೇಳಾಕೆ.”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. “ಮನೇಲಿ ಆಮೇಲೆ ಕೇಳಿ. ಮೊದ್ಲು ನನ್ನ ಕೇಳಿ.”

“ಕೇಳ್ತಾ ಇವ್ನಿ, ಯುವಾ...”

“ಹೂಂ,” ಎಂದಳು. ಅಷ್ಟೇ ಮೆಲ್ಲಗೆ ಮತ್ತೊಮ್ಮೆ, “ಹೂಂ...”