ಕುಣಿಕೆ ಹರಿದ ಕೋಟು

ಮುದುಕನಿಗೆ ಅಷ್ಟು ಹಳೆಯದೆಲ್ಲ ಹೇಗೆ ನೆನಪಿರುತ್ತೆ ಅಂತ ಹಲ್ಲು ಕಿರಿಯುವವರು ಸುಮ್ಮನೆ ಕೇಳಿ. ನಿನ್ನೆ ಉಂಡದ್ದು ಮರೆತಿರಬಹುದು. ಗಿಟಾರಿನ ಲೆಷೆಕ್ ನನ್ನೆದುರು ಕೂತು ಹೇಳಿದ್ದು ಮರೆತಿಲ್ಲ.

ಎಂಬತ್ತೆಂಟರ ಜನವರಿ, ಪೋಲೆಂಡಿನ ಕತೋವಿತ್ಸೆ ಊರು. ಸಂಸ್ಕೃತಿ ಭವನದ ಸ್ಟುಡಿಯೋದಲ್ಲಿ ಲೆಷೆಕ್‌ನ ಥ್ರ್ಯಾಷ್ ಮೆಟಲ್ ರಾಕ್ ತಂಡದ ಮೊದಲ ಆಲ್ಬಂ ರೆಕಾರ್ಡ್ ಆಗುತ್ತಿತ್ತು. ಎಂಟರಲ್ಲಿ ಏಳು ಹಾಡು ಮುಗಿದಿದ್ದವು. ಗಾಯಕ ಮಿರೆಕ್ ಮರುದಿನವೇ ಕಡ್ಡಾಯ ಸೈನ್ಯಸೇವೆಗೆ ಹೊರಡಬೇಕು, ಎರಡು ವರ್ಷ. ಅವನ ಗಂಟಲೋ ಶೀತಕ್ಕೆ ಕಟ್ಟಿತ್ತು.

"ಸಂಜೆಯೊಳಗೆ ದನಿ ಬರ್ಲಿಲ್ಲ ಅಂದ್ರೆ ಎಂಟನ್ನೂ ಲೆಷೆಕ್ ಹಾಡ್ತಾನೆ, ಆಲ್ಬಂ ಪೂರ್ತಿ ಒಂದೇ ದನಿ ಇರ್ಬೇಕು. ಹೊಸ ಟೇಪ್ ಎಲ್ಲಿಂದ ತರ್ಲಿ? ಮಿರೆಕ್ ದನಿ ಅಳಿಸಿ ಅಲ್ಲೇ ತುಂಬ್ತೀನಿ," ಎಂದು ಸೌಂಡ್ ಇಂಜಿನಿಯರ್ ಕುಬಿತ್ಸ ಬೆಳಿಗ್ಗೆಯೇ ಹೇಳಿಬಿಟ್ಟಿದ್ದ.

ಮಧ್ಯಾಹ್ನ ನೋಡಿದರೆ ಡಬ್ಬಿ ಖಾಲಿ. ಟೇಪಿನ ಸುರುಳಿ ಮಾಯ.

"ಹಾಡೋದು ತಪ್ಪಿಸ್ಕೊಳ್ಳೋಕೆ ನೀನೇ ಕಣೋ ಎತ್ತಿರೋದು!" ಕುಬಿತ್ಸ ಲೆಷೆಕ್ ಮೇಲೆ ಹರಿಹಾಯ್ದ.

"ನನ್ ಗಿಟಾರೂ ಅದ್ರಲ್ಲೇ ಇದೆಯಲ್ಲ ಸಾರ್, ನಂಗೇನು ಹುಚ್ಚಾ?"

ಲೆಷೆಕ್ ಕೆಳಗೆ ಗೆನೊವೆಫಮ್ಮನ ಹತ್ತಿರ ಓಡಿದ. ಬಂದವರ ಕೋಟು ಇಸಕೊಂಡು ನಂಬರಿನ ಬಿಲ್ಲೆ ಕೊಡುವ ಹೆಂಗಸು. ಭವನದಲ್ಲಿ ಏನು ಕಳೆದರೂ ಪತ್ತೆ ಮಾಡುವವಳೂ ಅವಳೇ. ಗೂಟಕ್ಕೆ ತೂಗುಹಾಕುವ ಕುಣಿಕೆ ಹರಿದ ಕೋಟನ್ನು ಮುಟ್ಟುತ್ತಲೇ ಇರಲಿಲ್ಲ, ಮನೆಗೆ ಹೋಗಿ ಹೊಲಿಸ್ಕೊಂಡ್ ಬಾ ಎಂದು ಬೈದು ಕಳಿಸುತ್ತಿದ್ದಳು. ಆಗಲೂ ಗೊಣಗುತ್ತ, ನೆಲಕ್ಕೆ ಬಿದ್ದಿದ್ದ ಒಂದು ಕೋಟನ್ನು ನೋಡುತ್ತಿದ್ದಳು. ಟೇಪಿನ ವಿಷಯ ಕೇಳಿದ್ದೇ, "ಮೂವರನ್ನೂ ಇಲ್ಲಿಗೆ ಕರಿ," ಎಂದಳು.

ಕೋಟು ಇಸಕೊಳ್ಳುವ ಕಟ್ಟೆಯ ಮುಂದೆ ಸ್ಟುಡಿಯೋದಲ್ಲಿದ್ದ ಕುಬಿತ್ಸ, ಲೆಷೆಕ್, ಮಿರೆಕ್ ಮೂವರೂ ನಿಂತರು.

"ಹೊರಗೆ ಮೈನಸ್ ಹದಿನೈದು. ಕೋಟಿಲ್ಲದೆ ಯಾರೂ ಆಚೆ ಹೋಗಲ್ಲ. ನಿಮ್ ಮೂರೂ ಕೋಟು ಇಲ್ಲೇ ಇವೆ. ಅಂದ್ರೆ ಟೇಪೂ ಒಳಗೇ ಇದೆ. ನಾನು ಕೆಟಲ್‌ಗೆ ನೀರು ತರೋಕೆ ಹೋಗಿದ್ದು ಹತ್ತೇ ನಿಮಿಷ. ಬಂದ್ ನೋಡಿದ್ರೆ ಈ ಕೋಟು ಕೆಳಗೆ! ಬೆಳಿಗ್ಗೆ ಇದರ ಕುಣಿಕೆ ಗಟ್ಟಿಯಾಗಿತ್ತು, ಇಲ್ದಿದ್ರೆ ನಾನು ಇಸ್ಕೋತಾನೇ ಇರ್ಲಿಲ್ಲ. ಏನೋ ಭಾರ ಸೇರಿ ಕಿತ್ಕೊಂಡಿದೆ."

ಹರಿದ ಅಸ್ತರಿನೊಳಗೆ ಕೈಹಾಕಿ ಸುರುಳಿಯನ್ನು ಹೊರಗೆಳೆದಳು. ಕೋಟು ಮಿರೆಕ್‌ನದು.

"ಅಳಿಸ್ತೀನಿ ಅಂದ್ರು," ಮಿರೆಕ್ ಕೀರಲು ದನಿಯಲ್ಲಿ ಹೇಳಿದ. "ವಾಪಸ್ ಬರೋವಷ್ಟರಲ್ಲಿ ನಾನು ತಂಡದಲ್ಲಿ ಇರ್ಲೇ ಇಲ್ಲ ಅನ್ನೋ ಹಾಗೆ ಆಗ್ತಿತ್ತು."

ಗೆನೊವೆಫಮ್ಮ ರಾಸ್ಪ್‌ಬೆರಿ ಹಣ್ಣಿನ ಪಾಕ ಬೆರೆಸಿದ ಬಿಸಿ ಚಹಾ ಅವನ ಮುಂದಿಟ್ಟಳು. "ಕುಡಿ. ಗಂಟಲು ಹರಿದ ಹಾಗೆ ಕಿರುಚೋದೇ ತಾನೆ ನಿಮ್ ಹಾಡು? ಇದಕ್ಕಿಂತ ಒಳ್ಳೆ ದನಿ ಇನ್ನೆಲ್ಲಿ ಸಿಗುತ್ತೆ ಕುಬಿತ್ಸ?"

ಕುಬಿತ್ಸ ತಲೆ ಕೆರೆದುಕೊಂಡ. ಮಿರೆಕ್‌ನ ಆ ಒಡಕು ದನಿಯಲ್ಲೇ ಎಂಟನೇ ಹಾಡು ಒಂದೇ ಸಲಕ್ಕೆ ಮುಗಿಯಿತು. ಮಿರೆಕ್ ಕೆಳಗಿಳಿಯುವ ಹೊತ್ತಿಗೆ ಕೋಟಿನ ಕುಣಿಕೆ ಹೊಲಿದಾಗಿತ್ತು.

ಆ ಆಲ್ಬಂ ಸಿಕ್ಕಿದರೆ ಎಂಟನೇ ಹಾಡು ಹಾಕಿ ಕೇಳಿ. ಈ ಕತೆಯನ್ನು ಇನ್ನೊಬ್ಬರಿಗೂ ಕಳಿಸಿ. ಗೆನೊವೆಫಮ್ಮನ ಹೆಸರು ಆಲ್ಬಂ ಹೊದಿಕೆಯ ಮೇಲೆ ಎಲ್ಲೂ ಇಲ್ಲ.