ನಾಲಿಗೆ ಮಡಚಲು ಬಾರದ ತಂಗಿ

ಆ ದಿನ ಒಂಬತ್ತನೇ ತರಗತಿಯ ಬಾಗಿಲಿಗೆ ಲೈಬ್ರರಿಯನ್ ಬಂದು ನಿಲ್ಲದಿದ್ದರೆ ಬಯಾಲಜಿ ಟೀಚರ್ ಆ ಜೋಕ್ ಮಾಡುತ್ತಲೇ ಇರಲಿಲ್ಲ.

ಅನುವಂಶೀಯ ವೈವಿಧ್ಯದ ಮೊದಲ ಪಾಠ. ಬೋರ್ಡಿನ ಮೇಲೆ ಬರೆದರೆ ಮಕ್ಕಳು ಆಕಳಿಸುತ್ತಾರೆಂದು ಅವಳು ಎಲ್ಲರನ್ನೂ ಎಬ್ಬಿಸಿ, "ನಾಲಿಗೆ ಹೊರಗೆ ಹಾಕಿ, ಕೊಳವೆ ಥರ ಮಡಚಿ ನೋಡೋಣ" ಎಂದಿದ್ದಳು. ಮಡಚಲು ಬಂದವರು ಕಿಟಕಿಯ ಕಡೆ, ಬಾರದವರು ಗೋಡೆಯ ಕಡೆ. ತರಗತಿ ಬಿದ್ದು ಬಿದ್ದು ನಗುತ್ತಿತ್ತು. ಅವಳಿ ಹುಡುಗಿಯರಲ್ಲಿ ಅಕ್ಕ ಕಿಟಕಿಗೆ ಓಡಿದಳು. ತಂಗಿ ಮುಖ ಕೆಂಪಾಗುವಷ್ಟು ಒದ್ದಾಡಿ ಗೋಡೆಗೆ ಒರಗಿದಳು.

ಆಗಲೇ ಲೈಬ್ರರಿಯನ್ ಬಂದದ್ದು. ಅವಳಿಗಳ ಸೋದರಮಾವ. ಕೈಯಲ್ಲಿ ಪುಸ್ತಕದ ಕಟ್ಟು, ತುಟಿಯಲ್ಲಿ ಆ ಹಾಳು ನಗು. ಅವನ ನೋಟ ತನ್ನ ಮೇಲೆ ತುಸು ಹೆಚ್ಚೇ ನಿಂತಿತೆಂದು ಟೀಚರಿಗೆ ಅನ್ನಿಸಿತು. ಇನ್ನೊಂದು ಸಲ ಅವನನ್ನು ನಗಿಸಬೇಕೆನ್ನುವ ಆಸೆ ಬಂದುಬಿಟ್ಟಿತು.

"ಇದು ಅಪ್ಪ ಅಮ್ಮನಿಂದ ನೇರ ಬರೋದು. ಒಂದೇ ಅಚ್ಚಿನ ಅವಳಿಗಳಲ್ಲಿ ಹೀಗಾಗೋಕೆ ಸಾಧ್ಯನೇ ಇಲ್ಲ. ನಿನ್ನನ್ನ ಆಸ್ಪತ್ರೆಲಿ ಅದಲುಬದಲು ಮಾಡಿರ್ಬೇಕು ಕಣೇ!" ಎಂದಳು ತಂಗಿಗೆ, ಅವನ ಕಡೆ ನೋಡುತ್ತಾ.

ಎಲ್ಲರೂ ನಕ್ಕರು. ಅವನೂ ನಕ್ಕ. ತಂಗಿ ನಗಲಿಲ್ಲ.

ಮರುದಿನ ತಂಗಿಯ ಜಾಗ ಖಾಲಿ. "ಎಲ್ರೂ ಅವಳನ್ನ 'ಅದಲುಬದಲು' ಅಂತ ಕರೀತಿದ್ದಾರೆ ಮಿಸ್. ಅವಳು ಊಟನೇ ಮಾಡ್ತಿಲ್ಲ" ಎಂದಳು ಅಕ್ಕ.

ನಾಲಿಗೆಯ ಲೆಕ್ಕ ಅಷ್ಟು ನೇರವಲ್ಲ, ಒಂದೇ ಅಚ್ಚಿನ ಅವಳಿಗಳಲ್ಲೂ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದಿರಬಹುದು ಎಂದು ಟೀಚರ್ ಓದಿದ್ದಳು. ಗೊತ್ತಿದ್ದೂ ಹೇಳಿದ್ದಳು! ತರಗತಿಯಲ್ಲಿ ತಪ್ಪು ತಿದ್ದಿದಳು. ಆದರೆ ಕೇಳಬೇಕಾದವಳೇ ಇರಲಿಲ್ಲ.

ಮಧ್ಯಾಹ್ನ ಲೈಬ್ರರಿಗೆ ಹೋದಳು. ಅವನು ತಲೆ ಎತ್ತಲಿಲ್ಲ.

"ನನ್ನ ಮೇಲೆ ಕೋಪಾನಾ?"

"ಇಲ್ಲ, ನನ್ನ ಮೇಲೇ ನಂಗೆ. 'ಮಾಮ, ನೀನೂ ನಕ್ಕೆಯಲ್ಲ' ಅಂತ ಕೇಳಿದ್ಲು. ಏನಂತ ಹೇಳ್ಲಿ?"

"ಯಾಕೆ ನಕ್ರಿ?"

ಅವನ ಕಿವಿ ಕೆಂಪಾಯಿತು. "ನೀವು ನನ್ನ ಕಡೆ ನೋಡ್ತಾ ಹೇಳಿದ್ರಲ್ಲ. ನಿಜ ಹೇಳ್ಬೇಕಂದ್ರೆ, ಏನು ಹೇಳಿದ್ರಿ ಅಂತ ಕಿವಿಗೇ ಬಿದ್ದಿರ್ಲಿಲ್ಲ."

ಎಷ್ಟೋ ತಿಂಗಳಿಂದ ಅವಳು ಕಾಯುತ್ತಿದ್ದ ಮಾತು ಅದು. ಸಂತೋಷಪಡಲು ನಾಚಿಕೆಯಾಯಿತು.

ಸಂಜೆ ಇಬ್ಬರೂ ಅವಳಿಗಳ ಮನೆಗೆ ಹೋದರು. ತಂಗಿ ಹೊದಿಕೆಯೊಳಗಿಂದ ಮೂಗಷ್ಟೇ ಹೊರಗೆ ಹಾಕಿ ಕೇಳಿಸಿಕೊಂಡಳು. ಟೀಚರ್ ಏನನ್ನೂ ಮುಚ್ಚಿಡಲಿಲ್ಲ. "ನಿನ್ನ ಮಾಮನ್ನ ನಗಿಸೋಕೆ ಸುಳ್ಳು ಹೇಳಿದೆ. ಅವರು ಅಂದ್ರೆ ನಂಗಿಷ್ಟ. ನನ್ನದು ದೊಡ್ಡ ತಪ್ಪು, ಪುಟ್ಟಿ."

"ನಂಗೂ ಇವ್ರು ಅಂದ್ರೆ ಇಷ್ಟ" ಎಂದ ಅವನು, ನೆಲ ನೋಡುತ್ತಾ.

ಹುಡುಗಿ ಎದ್ದು ಕುಳಿತು ಇಬ್ಬರನ್ನೂ ದಿಟ್ಟಿಸಿದಳು. "ಅಂದ್ರೆ ನೀವಿಬ್ರೂ ಲವ್ ಮಾಡೋಕೆ ನಾನು ಅಳ್ಬೇಕಿತ್ತಾ?"

ಅವನ ಕೈ ಮೆಲ್ಲಗೆ ಟೀಚರ್ ಕೈ ಹಿಡಿಯಿತು. ಅವಳು ಬಿಡಿಸಿಕೊಳ್ಳಲಿಲ್ಲ.

"ನಾಳೆ ಸ್ಕೂಲಿಗೆ ಬರ್ತೀನಿ ಮಿಸ್," ಎಂದಳು ಹುಡುಗಿ ಕೊನೆಗೆ. "ಆದ್ರೆ ಯಾಕೆ ಸುಳ್ಳು ಹೇಳಿದ್ರಿ ಅಂತ ಎಲ್ಲರ ಮುಂದೆ ಹೇಳ್ಬೇಕು. ಈಗ ಹೇಳಿದ ಹಾಗೇ. ಮಾಮನೂ ಪಕ್ಕದಲ್ಲಿ ನಿಂತಿರ್ಬೇಕು."

ಟೀಚರ್ ಅವನ ಮುಖ ನೋಡಿದಳು. ಬೆವರುತ್ತಿದ್ದ.

"ಹೇಳ್ತೀನಿ" ಎಂದಳು.